ಕಂಪವಾತವೂ ಪಾಸಿಟ್ರಾನೂ

1817ನೆಯ ಇಸವಿಯಲ್ಲಿ ಲಂಡನ್ ನಗರದ ಹಾಕ್ಸ್‌ಟನ್ ಪ್ರದೇಶದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ ಎಂಬುವರು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಅದರ ವಿಷಯ ನಡುಕವಾತ. ಅದರಲ್ಲಿ ಅವರು ವರ್ಣಿಸಿದ್ದು ಕೇವಲ ಆರು ಮಂದಿ ರೋಗಿಗಳನ್ನು. ಆ ಆರು ಮಂದಿಯಲ್ಲಿಯೂ ಕೆಲವರು ಅವರಲ್ಲಿಗೆ ಚಿಕಿತ್ಸೆಗೆ ಬಂದವರಲ್ಲ, ಬೀದಿಯಲ್ಲಿ ನಡೆದುಹೋಗುತ್ತಿದ್ದಾಗ ಅವರ ಕಣ್ಣಿಗೆ ಬಿದ್ದವರು. ಸುಮ್ಮನೆ ಇಟ್ಟ ಕೈ ತಾನಾಗಿ ನಡುಗುವುದು, ಮೈ ಮುಂದಕ್ಕೆ ಬಾಗುವುದು, ನಡೆಯತೊಡಗಿದರೆ ಹೆಜ್ಜೆಗಳು ಕಿರಿದಾಗಿ ತಡೆಯಲಾಗದ ಓಟಕ್ಕೆ ತಿರುಗುವುದು, ಇವೇ ಮೊದಲಾದ ಲಕ್ಷಣಗಳನ್ನು ಅವರು ಎಷ್ಟು ಚೆನ್ನಾಗಿ ಗುರುತಿಸಿದ್ದರೆಂದರೆ, ಮುಂದೆ ಆ ವ್ಯಾಧಿಗೆ ಅವರ ಹೆಸರೇ ನಿಂತಿತು. ನಮ್ಮ ದೇಶದ ವೈದ್ಯರು ಕಂಪವಾತವೆಂದು ಕರೆಯುವುದೂ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ.

ಆದರೆ ಈ ಕೇಡು ದೇಹದ ಯಾವ ಮೂಲೆಯಲ್ಲಿ ಮನೆಮಾಡಿಕೊಂಡಿದೆ ಎಂಬ ಪ್ರಶ್ನೆಗೆ ಪಾರ್ಕಿನ್ಸನ್ನರ ಬಳಿ ಊಹೆಯ ಹೊರತು ಬೇರೆ ಉತ್ತರವಿರಲಿಲ್ಲ. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಇದ್ದೀತೆಂದು ಅವರು ಊಹಿಸಿದರು. ಊಹೆ ಸರಿಯಾಗಿರಲಿಲ್ಲ. ಜೀವಂತ ಮನುಷ್ಯನ ತಲೆಬುರುಡೆಯೊಳಗೆ ಇಣುಕಿ ನೋಡುವ ಉಪಾಯ ಅಂದು ಯಾರಿಗೂ ತಿಳಿದಿರಲಿಲ್ಲ.

ಇಂದು ಆ ಉಪಾಯ ತಿಳಿದಿದೆ. ತಲೆಯ ಮೇಲೆ ಒಂದು ಗೀರನ್ನೂ ಮಾಡದೆ, ರೋಗಿಯ ಮಿದುಳಿನಲ್ಲಿ ನಶಿಸುತ್ತಿರುವ ನರಕೋಶಗಳ ಲೆಕ್ಕವನ್ನು ಅಂದಾಜು ಮಾಡಬಹುದಾಗಿದೆ. ಇದು ಭೌತವಿಜ್ಞಾನವು ವೈದ್ಯವಿಜ್ಞಾನಕ್ಕೆ ಇತ್ತ ಒಂದು ದೊಡ್ಡ ಕೊಡುಗೆ. ಆದರೆ 'ಮಿದುಳಿನ ಚಿತ್ರ' ಎಂಬ ಮಾತು ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸಬಲ್ಲದು. ಆ ಚಿತ್ರ ಹೇಗೆ ಹುಟ್ಟುತ್ತದೆ, ಅದು ಅಳೆಯುವುದೇನು, ಎಲ್ಲಿ ಅದರ ಮಾತನ್ನು ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಪ್ಪು ವಸ್ತು

ಮಿದುಳಿನ ತಳಭಾಗದಲ್ಲಿ, ಅದು ಬೆನ್ನುಹುರಿಯ ಕಡೆಗೆ ಇಳಿಯುವ ಕಾಂಡದ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿಗಳಿವೆ. ಅಂಗರಚನಾಶಾಸ್ತ್ರಜ್ಞರು ಇವನ್ನು ಲ್ಯಾಟಿನ್ ಭಾಷೆಯಲ್ಲಿ 'ಸಬ್‌ಸ್ಟಾನ್ಷಿಯ ನೈಗ್ರ' ಎಂದರು. ಹಾಗೆಂದರೆ 'ಕಪ್ಪು ವಸ್ತು' ಎಂದಷ್ಟೆ ಅರ್ಥ. ಅವುಗಳ ದಪ್ಪ ಕೆಲವೇ ಮಿಲಿಮೀಟರುಗಳು. ಅಲ್ಲಿಯ ನರಕೋಶಗಳಲ್ಲಿ ನ್ಯೂರೊಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ತುಂಬಿರುವುದೇ ಆ ಬಣ್ಣಕ್ಕೆ ಕಾರಣ.

1919ರಲ್ಲಿ ಪ್ಯಾರಿಸ್ಸಿನಲ್ಲಿ ಕಾನ್‌ಸ್ಟಾಂಟಿನ್ ಟ್ರೆಟ್ಯಾಕಾಫ್ ಎಂಬ ತರುಣ ವೈದ್ಯರು ಪಾರ್ಕಿನ್ಸನ್ ರೋಗದಿಂದ ಮೃತರಾದವರ ಮಿದುಳುಗಳನ್ನು ಕೊಯ್ದು ಪರೀಕ್ಷಿಸಿ, ಈ ಕಪ್ಪು ಪಟ್ಟಿಗಳು ಬಿಳಿಚಿಕೊಂಡಿರುವುದನ್ನು ತೋರಿಸಿದರು. ಅಲ್ಲಿಯ ಕೋಶಗಳು ಸತ್ತುಹೋಗಿದ್ದುವು. ರೋಗದ ನೆಲೆ ಕೊನೆಗೂ ಸಿಕ್ಕಿತು. ಆದರೆ ಆ ಕೋಶಗಳು ಮಾಡುತ್ತಿದ್ದ ಕೆಲಸವೇನು? ಇದಕ್ಕೆ ಉತ್ತರ ದೊರೆಯಲು ಇನ್ನೂ ನಾಲ್ಕು ದಶಕಗಳು ಬೇಕಾದುವು. ಆ ಉತ್ತರದ ಕಥೆಯಲ್ಲಿ ನಮ್ಮ ನಾಡಿನ ಎರಡು ಗಿಡಗಳಿಗೂ ಪಾಲುಂಟು.

ಮೊಲಗಳೂ ಎರಡು ಗಿಡಗಳೂ

ಸರ್ಪಗಂಧಿಯ ಬೇರು ನಮ್ಮಲ್ಲಿ ಹಿಂದಿನಿಂದಲೂ ಔಷಧಿಗೆ ಬಳಕೆಯಾಗುತ್ತಿದ್ದುದೇ. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಅದರಿಂದ ರೆಸರ್ಪಿನ್ ಎಂಬ ಶುದ್ಧವಸ್ತುವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ರೆಸರ್ಪಿನನ್ನು ಮೊಲಗಳಿಗೆ ಚುಚ್ಚಿದಾಗ ಅವು ಕಿವಿ ಜೋತುಬಿಟ್ಟು, ಬಿದ್ದಲ್ಲಿಯೇ ಅಲುಗಾಡದೆ ಬಿದ್ದುಕೊಂಡುವು. ಬಳಿಕ ಡೋಪಾ ಎಂಬ ಮತ್ತೊಂದು ವಸ್ತುವನ್ನು ಚುಚ್ಚಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಮೊಲಗಳು ಎದ್ದು ಓಡಾಡತೊಡಗಿದುವು. 1957 ಮತ್ತು 1958ರಲ್ಲಿ ನಡೆದ ಈ ಪ್ರಯೋಗಗಳ ಒಳಗುಟ್ಟು ಇಷ್ಟು: ಮಿದುಳಿನಲ್ಲಿ ಡೋಪಮೀನ್ ಎಂಬ ಒಂದು ರಾಸಾಯನಿಕ ದೂತನಿದ್ದಾನೆ; ರೆಸರ್ಪಿನ್ ಅವನ ಸಂಗ್ರಹವನ್ನು ಬರಿದುಮಾಡುತ್ತದೆ; ಡೋಪಾ ಮಿದುಳನ್ನು ಹೊಕ್ಕು ಡೋಪಮೀನಾಗಿ ಮಾರ್ಪಟ್ಟು ಆ ಸಂಗ್ರಹವನ್ನು ಮತ್ತೆ ತುಂಬುತ್ತದೆ. ಈ ಶೋಧಕ್ಕಾಗಿ ಕಾರ್ಲ್‌ಸನ್ನರು 2000ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಎರಡನೆಯ ಗಿಡ ನಸುಗುನ್ನಿ. ಮೈಗೆ ತಾಕಿದರೆ ತುರಿಕೆ ಹತ್ತಿಸುವ ಅದರ ಕಾಯಿಯನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಅದರ ಬೀಜದಲ್ಲಿ ಈ ಡೋಪಾ ಧಾರಾಳವಾಗಿದೆಯೆಂಬುದನ್ನು 1937ರಲ್ಲಿಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು.

1960ರಲ್ಲಿ ವಿಯೆನ್ನಾದಲ್ಲಿ ಓಲೆ ಹಾರ್ನಿಕೆವಿಚ್ ಮತ್ತು ಅವರ ಸಹೋದ್ಯೋಗಿ ಏರಿಂಗರ್ ಅವರು, ಪಾರ್ಕಿನ್ಸನ್ ರೋಗದಿಂದ ಸತ್ತವರ ಮಿದುಳಿನಲ್ಲಿ ಡೋಪಮೀನ್ ಬಹಳಮಟ್ಟಿಗೆ ಬತ್ತಿಹೋಗಿರುವುದನ್ನು ಅಳೆದು ತೋರಿಸಿದರು. ಅದು ಬತ್ತಿದ್ದುದು ಕಪ್ಪು ವಸ್ತುವಿಗಿಂತ ಮೇಲೆ, ಮಿದುಳಿನ ಒಳಭಾಗದಲ್ಲಿರುವ ಸ್ಟ್ರಯೇಟಮ್ ಎಂಬ ಗಂಟಿನಲ್ಲಿ. ಕಪ್ಪು ವಸ್ತುವಿನ ಕೋಶಗಳು ತಮ್ಮ ಉದ್ದನೆಯ ಎಳೆಗಳನ್ನು ಚಾಚುವುದು ಅಲ್ಲಿಗೇ. ಇದನ್ನು ಹೀಗೆ ಊಹಿಸಿಕೊಳ್ಳಬಹುದು: ಕಪ್ಪು ವಸ್ತು ಒಂದು ಕೆರೆ, ನರಕೋಶದ ಎಳೆಗಳು ಕಾಲುವೆಗಳು, ಸ್ಟ್ರಯೇಟಮ್ ಆ ನೀರು ಹರಿದುಬರುವ ಗದ್ದೆ, ಡೋಪಮೀನೇ ನೀರು. ಗದ್ದೆ ಒಣಗಿದರೆ ಚಲನೆಯೆಂಬ ಪೈರು ಬಾಡುತ್ತದೆ. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕಾಟ್ಸಿಯಸ್ ಎಂಬುವರು ಡೋಪಾವನ್ನು ಬಾಯಿಯ ಮೂಲಕ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಮರಗಟ್ಟಿದ್ದ ರೋಗಿಗಳು ಎದ್ದು ನಡೆಯುವಂತೆ ಮಾಡಿದರು. ಈ ರೋಗದ ಮುಖ್ಯ ಔಷಧಿ ಇಂದಿಗೂ ಅದೇ.

ಆದರೆ ಗದ್ದೆಗೆ ಕೊಡದಲ್ಲಿ ನೀರು ಹೊಯ್ದಮಾತ್ರಕ್ಕೆ ಕೆರೆ ತುಂಬಿದಂತಾಗುವುದಿಲ್ಲ. ಕೋಶಗಳು ಸಾಯುವುದನ್ನು ಡೋಪಾ ತಡೆಯಲಾರದು. ತಡೆಯುವ ಔಷಧಿಯನ್ನು ಹುಡುಕಬೇಕಾದರೆ, ಕೋಶಗಳು ಯಾವಾಗ ಸಾಯತೊಡಗುತ್ತವೆ, ವರ್ಷಕ್ಕೆ ಎಷ್ಟು ಸಾಯುತ್ತವೆ ಎಂಬುದನ್ನು ಬದುಕಿರುವ ಮನುಷ್ಯನಲ್ಲಿಯೇ ಅಳೆಯಬೇಕು. ಇಲ್ಲಿ ರಸಾಯನಶಾಸ್ತ್ರಜ್ಞನ ಕೈ ಸೋತು ಭೌತಶಾಸ್ತ್ರಜ್ಞನನ್ನು ಕರೆಯಬೇಕಾಯಿತು.

ಪಾಸಿಟ್ರಾನಿನ ಅಲ್ಪಾಯುಷ್ಯ

1931ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಅವರು ಕೇವಲ ಗಣಿತದ ಬಲದಿಂದ, ಇಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯುಳ್ಳ, ಆದರೆ ಧನ ವಿದ್ಯುದಂಶವುಳ್ಳ ಒಂದು ಕಣವಿರಬೇಕೆಂದು ನುಡಿದರು. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಅವರಿಗೆ, ವಿಶ್ವಕಿರಣಗಳ ಜಾಡನ್ನು ಚಿತ್ರಿಸುತ್ತಿದ್ದಾಗ, ಆ ಕಣ ಕಣ್ಣಿಗೆ ಬಿತ್ತು. ಅದೇ ಪಾಸಿಟ್ರಾನ್. 1934ರಲ್ಲಿ ಫ್ರಾನ್ಸಿನ ಐರೀನ್ ಮತ್ತು ಫ್ರೆಡರಿಕ್ ಜೋಲಿಯೊ-ಕ್ಯೂರಿ ದಂಪತಿಗಳು, ಪಾಸಿಟ್ರಾನುಗಳನ್ನು ಹೊರಸೂಸುವ ಪರಮಾಣುಗಳನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ಸೃಷ್ಟಿಸಬಹುದೆಂದು ತೋರಿಸಿದರು. ಇವರಲ್ಲಿ ಯಾರೂ ವೈದ್ಯರಾಗಿರಲಿಲ್ಲ. ಕಂಪವಾತದ ರೋಗಿಗಳನ್ನು ನೆನೆದು ಇವರು ಕೆಲಸ ಮಾಡಿದವರೂ ಅಲ್ಲ.

ಪಾಸಿಟ್ರಾನಿನ ಬಾಳು ಅತ್ಯಲ್ಪ. ದೇಹದಲ್ಲಿ ಅದು ಹುಟ್ಟಿದರೆ, ಮಿಲಿಮೀಟರಿನಷ್ಟು ದೂರ ಹೋಗುವುದರೊಳಗಾಗಿ ಯಾವುದಾದರೊಂದು ಇಲೆಕ್ಟ್ರಾನನ್ನು ಸಂಧಿಸುತ್ತದೆ. ಎರಡೂ ಪರಸ್ಪರ ಲಯವಾಗಿ, ಅವುಗಳ ದ್ರವ್ಯವೆಲ್ಲ ಶಕ್ತಿಯಾಗುತ್ತದೆ. ಐನ್‌ಸ್ಟೈನರ ಪ್ರಸಿದ್ಧ ಸೂತ್ರವನ್ನು ವಿದ್ಯಾರ್ಥಿಗಳು ಇಲ್ಲಿ ತಾವೇ ಉಪಯೋಗಿಸಿ ನೋಡಬಹುದು. ಇಲೆಕ್ಟ್ರಾನಿನ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಬರುವ ಶಕ್ತಿ 511 ಸಾವಿರ ಇಲೆಕ್ಟ್ರಾನ್ ವೋಲ್ಟು. ಲಯದಿಂದ ಹುಟ್ಟುವುದು ಇಷ್ಟಿಷ್ಟು ಶಕ್ತಿಯ ಎರಡು ಗ್ಯಾಮಾ ಕಿರಣಗಳು. ಸಂವೇಗ ನಿತ್ಯತೆಯ ನಿಯಮಕ್ಕೆ ಅನುಸಾರವಾಗಿ ಅವು ಒಂದಕ್ಕೊಂದು ನೇರ ವಿರುದ್ಧ ದಿಕ್ಕುಗಳಲ್ಲಿ ಹೊರಡುತ್ತವೆ.

ಇಡೀ ಉಪಾಯದ ಕೀಲು ಇರುವುದು ಈ ವಿರುದ್ಧ ದಿಕ್ಕುಗಳಲ್ಲಿಯೇ. ಕತ್ತಲು ತುಂಬಿದ ಒಂದು ಮಂಟಪವನ್ನು ಕಲ್ಪಿಸಿಕೊಳ್ಳಿ. ಒಳಗೆ ಅಲ್ಲಲ್ಲಿ ಅವಿತ ಕೆಲವರು, ಪ್ರತಿಸಲವೂ ಒಟ್ಟಿಗೆ ಎರಡು ಕಲ್ಲುಗಳನ್ನು ಎದುರುಬದುರು ದಿಕ್ಕಿಗೆ ಎಸೆಯುತ್ತಿದ್ದಾರೆ. ಮಂಟಪದ ಸುತ್ತ ಕಾವಲುಗಾರರು ವೃತ್ತಾಕಾರವಾಗಿ ನಿಂತಿದ್ದಾರೆ. ಒಂದೇ ಕ್ಷಣದಲ್ಲಿ ಯಾವ ಇಬ್ಬರಿಗೆ ಕಲ್ಲು ತಗುಲಿತೋ ಆ ಇಬ್ಬರ ನಡುವೆ ಗೆರೆ ಎಳೆದರೆ, ಎಸೆದವನು ಆ ಗೆರೆಯ ಮೇಲೆಯೇ ಎಲ್ಲಿಯೋ ಇರಬೇಕು. ಇಂತಹ ಲಕ್ಷಾಂತರ ಗೆರೆಗಳನ್ನು ಎಳೆದು, ಅವು ದಟ್ಟವಾಗಿ ಹಾಯುವ ತಾಣಗಳನ್ನು ಗಣಿತದಿಂದ ಗುರುತಿಸಿದರೆ, ಅವಿತವರೆಲ್ಲರ ನಕ್ಷೆ ಸಿದ್ಧವಾಗುತ್ತದೆ. ನಿಜವಾದ ಯಂತ್ರದಲ್ಲಿ ಕಾವಲುಗಾರರೆಂದರೆ ರೋಗಿಯ ತಲೆಯ ಸುತ್ತ ಬಳೆಯಂತೆ ಜೋಡಿಸಿದ ಸ್ಫಟಿಕಗಳು. 'ಒಂದೇ ಕ್ಷಣ'ವೆಂದರೆ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವು ಭಾಗ. 1970ರ ದಶಕದ ನಡುವಿನಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಟರ್-ಪೊಗೋಸಿಯನ್, ಫೆಲ್ಪ್ಸ್, ಹಾಫ್‌ಮನ್ ಮೊದಲಾದವರು ಇಂತಹ ಯಂತ್ರವನ್ನು ಕಟ್ಟಿದರು. ಇದನ್ನು ಇಂದು ಎಲ್ಲರೂ 'ಪೆಟ್' ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ.

ಹ್ಯಾಮಿಲ್ಟನ್ ನಗರದ ಚಿತ್ರ

ಇನ್ನು ಬೇಕಾದದ್ದು, ಪಾಸಿಟ್ರಾನನ್ನು ಡೋಪಮೀನಿನ ಗದ್ದೆಗೆ ಹೊತ್ತೊಯ್ಯುವ ವಾಹನ. ಡೋಪಮೀನನ್ನೇ ಚುಚ್ಚಿದರೆ ಪ್ರಯೋಜನವಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಅದು ದಾಟಲಾರದು. ಡೋಪಾ ದಾಟಬಲ್ಲದು. ಆದುದರಿಂದ ಡೋಪಾದ ಒಂದು ಜಲಜನಕ ಪರಮಾಣುವನ್ನು ತೆಗೆದು, ಆ ಜಾಗದಲ್ಲಿ ಪಾಸಿಟ್ರಾನ್ ಸೂಸುವ ಫ್ಲೂರಿನ್-18 ಪರಮಾಣುವನ್ನು ಕೂರಿಸುವ ಯೋಚನೆ ಹುಟ್ಟಿತು. ಸೈಕ್ಲೊಟ್ರಾನ್ ಯಂತ್ರದಲ್ಲಿ ಪರಮಾಣು ಬೀಜಗಳನ್ನು ಅತಿವೇಗದ ಕಣಗಳಿಂದ ಹೊಡೆದು ಫ್ಲೂರಿನ್-18ನ್ನು ತಯಾರಿಸುತ್ತಾರೆ. ಅದರ ಅರ್ಧಾಯು ಸುಮಾರು 110 ನಿಮಿಷ. ಎಂದರೆ 11 ಗಂಟೆಗಳಲ್ಲಿ ಆರು ಅರ್ಧಾಯುಗಳು ಕಳೆದು, ಮೊದಲಿದ್ದುದರಲ್ಲಿ ಅರುವತ್ತನಾಲ್ಕರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ತಯಾರಿಸುವುದು, ಶುದ್ಧಿಮಾಡುವುದು, ರೋಗಿಗೆ ಚುಚ್ಚಿ ಚಿತ್ರ ತೆಗೆಯುವುದು, ಎಲ್ಲವೂ ಗಡಿಯಾರದೊಡನೆ ಪಂದ್ಯ ಕಟ್ಟಿದಂತೆ ನಡೆಯಬೇಕು.

1983ರಲ್ಲಿ ಕೆನಡಾ ದೇಶದ ಹ್ಯಾಮಿಲ್ಟನ್ ನಗರದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಗಾರ್ನೆಟ್, ಫಿರ್ನಾವ್, ನಾಮಿಯಾಸ್ ಎಂಬ ಮೂವರು ಈ ಫ್ಲೂರೊಡೋಪಾವನ್ನು ಬಳಸಿ, ಜೀವಂತ ಮನುಷ್ಯನ ಮಿದುಳಿನಲ್ಲಿ ಡೋಪಮೀನಿನ ನೆಲೆಯನ್ನು ಮೊತ್ತಮೊದಲು ಚಿತ್ರಿಸಿದರು. ಆರೋಗ್ಯವಂತನಲ್ಲಿ ಸ್ಟ್ರಯೇಟಮ್ ಎಡಬಲಗಳಲ್ಲಿ ಎರಡು ದೀಪಗಳಂತೆ ಬೆಳಗುತ್ತದೆ. ಪಾರ್ಕಿನ್ಸನ್ ರೋಗಿಯಲ್ಲಿ ಈ ದೀಪಗಳು ಮಂಕಾಗಿರುತ್ತವೆ. ಎಡಗೈಯಲ್ಲಿ ನಡುಕ ಹೆಚ್ಚಾಗಿದ್ದರೆ ಬಲಗಡೆಯ ದೀಪ ಹೆಚ್ಚು ಮಂಕು. ಮಿದುಳಿನ ಒಂದು ಪಕ್ಕ ದೇಹದ ಇನ್ನೊಂದು ಪಕ್ಕವನ್ನು ಆಳುವುದರಿಂದ ಇದು ಸಹಜ. ಮಂಕು ಕವಿಯುವುದರಲ್ಲಿಯೂ ಒಂದು ಕ್ರಮವುಂಟು. ಸ್ಟ್ರಯೇಟಮಿನ ಹಿಂಭಾಗ ಮೊದಲು ಆರುತ್ತದೆ, ಮುಂಭಾಗ ಬಹುಕಾಲ ಉಳಿದುಕೊಳ್ಳುತ್ತದೆ.

ಗದ್ದೆಯನ್ನು ಚಿತ್ರಿಸುವ ಬದಲು ಕೆರೆಯನ್ನೇ ಏಕೆ ಚಿತ್ರಿಸಬಾರದು ಎಂದು ಯಾರಾದರೂ ಕೇಳಬಹುದು. ಪೆಟ್ ಯಂತ್ರ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಲಾರದು. ತೆಳ್ಳಗಿನ ಕಪ್ಪು ವಸ್ತು ಅದರ ಕಣ್ಣಿಗೆ ಮಸುಕು. ದೊಡ್ಡದಾದ ಸ್ಟ್ರಯೇಟಮ್ ಸ್ಪಷ್ಟ.

ರೋಗಕ್ಕೆ ಮುಂಚಿನ ರೋಗ

ಹ್ಯಾಮಿಲ್ಟನ್ನಿನ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ದುರಂತ ಸಂಭವಿಸಿತು. 1982ರಲ್ಲಿ ಅಲ್ಲಿಯ ಕೆಲವು ತರುಣರು ಹಠಾತ್ತನೆ ಮರಗಟ್ಟಿ, ಮಾತಿಲ್ಲದೆ ಆಸ್ಪತ್ರೆ ಸೇರಿದರು. ನೋಡಿದರೆ ಹತ್ತಾರು ವರ್ಷಗಳಿಂದ ಪಾರ್ಕಿನ್ಸನ್ ರೋಗ ಇದ್ದವರಂತೆ ಕಾಣುತ್ತಿದ್ದರು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಅವರ ಸಂಗಡಿಗರು ಶೋಧಿಸಿದಾಗ ತಿಳಿದುಬಂದುದು ಇದು: ಈ ತರುಣರೆಲ್ಲ ಕಳ್ಳತನದಲ್ಲಿ ತಯಾರಾದ ಒಂದು ಕೃತಕ ಮಾದಕವಸ್ತುವನ್ನು ಚುಚ್ಚಿಕೊಂಡಿದ್ದರು, ತಯಾರಿಕೆಯ ದೋಷದಿಂದ ಅದರಲ್ಲಿ 'ಎಂಪಿಟಿಪಿ' ಎಂಬ ವಿಷ ಬೆರೆತಿತ್ತು, ಆ ವಿಷ ಕಪ್ಪು ವಸ್ತುವಿನ ಕೋಶಗಳನ್ನು ಹುಡುಕಿ ಕೊಲ್ಲುತ್ತಿತ್ತು.

ಅದೇ ವಿಷ ಸೋಂಕಿದ್ದರೂ ಯಾವ ಲಕ್ಷಣವೂ ತೋರದೆ ಓಡಾಡಿಕೊಂಡಿದ್ದವರೂ ಇದ್ದರು. ಅಂತಹ ಕೆಲವರನ್ನು ಕೆನಡಾದ ವ್ಯಾಂಕೂವರ್ ನಗರದಲ್ಲಿ ಪೆಟ್ ಯಂತ್ರದ ಮುಂದೆ ಮಲಗಿಸಿ ಪರೀಕ್ಷಿಸಿದರು. 1985ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹವಾದುದು. ಅವರ ಸ್ಟ್ರಯೇಟಮಿನ ಬೆಳಕು ಆರೋಗ್ಯವಂತರಿಗಿಂತ ಕಡಮೆ, ರೋಗಿಗಳಿಗಿಂತ ಹೆಚ್ಚು. ಅವರ ಮೈ ಇನ್ನೂ ಏನನ್ನೂ ಹೇಳುತ್ತಿರಲಿಲ್ಲ. ಚಿತ್ರ ಆಗಲೇ ಹೇಳಿಬಿಟ್ಟಿತ್ತು.

ಪಾರ್ಕಿನ್ಸನ್ ರೋಗದ ಕಠೋರ ಸತ್ಯ ಇಲ್ಲಿದೆ. ಕೈ ಮೊದಲಬಾರಿಗೆ ನಡುಗುವ ಹೊತ್ತಿಗೆ ಸ್ಟ್ರಯೇಟಮಿನ ಹಿಂಭಾಗದ ಡೋಪಮೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೋಗಿಯೇ ಇರುತ್ತದೆ. ಉಳಿದ ಕೋಶಗಳು ಹೆಚ್ಚು ದುಡಿದು ಕೊರತೆಯನ್ನು ವರ್ಷಗಟ್ಟಲೆ ಮರೆಮಾಚುತ್ತವೆ. ಮೂಗಿನ ವಾಸನಾಶಕ್ತಿ ಕುಂದುವುದು, ಕನಸಿನಲ್ಲಿ ಕಂಡುದಕ್ಕೆ ತಕ್ಕಂತೆ ನಿದ್ದೆಯಲ್ಲಿಯೇ ಕೈಕಾಲು ಬಡಿಯುವುದು, ಇಂತಹ ಸೂಚನೆಗಳು ನಡುಕಕ್ಕಿಂತ ಎಷ್ಟೋ ಮುಂಚೆ ಬರಬಹುದು. ಕೋಶಗಳನ್ನು ಉಳಿಸುವ ಔಷಧಿ ಎಂದಾದರೂ ದೊರೆತರೆ, ಅದನ್ನು ಕೊಡಬೇಕಾದ ಕಾಲ ಈ ಮೌನದ ಕಾಲ. ಈ ಕಾಲವನ್ನು ಗುರುತಿಸುವ ಗುರಿಯಿಂದಲೇ 2010ರಲ್ಲಿ ಮೈಕೇಲ್ ಜೆ. ಫಾಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ, ಹಲವು ದೇಶಗಳ ಜನರನ್ನು ವರ್ಷವರ್ಷವೂ ಪರೀಕ್ಷಿಸುವ ಒಂದು ದೊಡ್ಡ ಅಧ್ಯಯನ ಪ್ರಾರಂಭವಾಯಿತು.

ಸುಲಭವಾದ ದಾರಿಗಳು

ಎಲ್ಲ ಊರುಗಳಲ್ಲಿಯೂ ಸೈಕ್ಲೊಟ್ರಾನ್ ಇರುವುದು ಸಾಧ್ಯವಿಲ್ಲ. ಆದುದರಿಂದ ಬೇರೆ ಗುರುತುದ್ರವ್ಯಗಳೂ ಬಳಕೆಗೆ ಬಂದುವು. ಡೋಪಮೀನ್ ತನ್ನ ಸಂದೇಶವನ್ನು ಮುಟ್ಟಿಸಿದ ಮೇಲೆ ಅದನ್ನು ಮರಳಿ ನರತುದಿಯೊಳಕ್ಕೆ ಎಳೆದುಕೊಳ್ಳುವ ಸಾಗಣೆಯ ಪ್ರೋಟೀನುಗಳಿವೆ. ಕಾಲುವೆಯ ಕೊನೆಯ ತೂಬುಗಳೆಂದು ಇವನ್ನು ತಿಳಿಯಬಹುದು. ಈ ತೂಬುಗಳಿಗೆ ಅಂಟಿಕೊಳ್ಳುವ ವಸ್ತುವಿಗೆ ಅಯೊಡಿನ್-123ನ್ನು ಜೋಡಿಸಿದ ಗುರುತುದ್ರವ್ಯಕ್ಕೆ 2000ದಲ್ಲಿ ಯೂರೋಪಿನಲ್ಲಿಯೂ 2011ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಅಯೊಡಿನ್-123ರ ಅರ್ಧಾಯು 13 ಗಂಟೆ; ದೂರದ ಆಸ್ಪತ್ರೆಗೂ ಸಾಗಿಸಬಹುದು. ಇದು ಪಾಸಿಟ್ರಾನನ್ನು ಸೂಸದೆ ಒಂದೊಂದೇ ಗ್ಯಾಮಾ ಕಿರಣವನ್ನು ಸೂಸುವುದರಿಂದ ಯಂತ್ರವೂ ಬೇರೆ ಬಗೆಯದು, ಚಿತ್ರ ಸ್ವಲ್ಪ ಒರಟು. ರೋಗಿಯ ಮೈಗೆ ತಗುಲುವ ವಿಕಿರಣ, ನಮಗೆಲ್ಲ ಪ್ರಕೃತಿಯಿಂದಲೇ ಒಂದು ವರ್ಷದಲ್ಲಿ ಒದಗುವುದರ ಎರಡು ಪಟ್ಟಿನಷ್ಟು.

ಈ ಚಿತ್ರವನ್ನು ಓದುವುದು ಬರಹದ ಚಿಹ್ನೆಗಳನ್ನು ಓದಿದಂತೆ. ಆರೋಗ್ಯವಂತರ ಸ್ಟ್ರಯೇಟಮ್ ಎರಡು ಅಲ್ಪವಿರಾಮ ಚಿಹ್ನೆಗಳಂತೆ ಕಾಣುತ್ತದೆ. ರೋಗದಲ್ಲಿ ಅವುಗಳ ಬಾಲ ಅಳಿದು ಪೂರ್ಣವಿರಾಮದ ಬೊಟ್ಟು ಮಾತ್ರ ಉಳಿಯುತ್ತದೆ. ಪಾರ್ಕಿನ್ಸನ್ ರೋಗವಲ್ಲದ, ಆದರೆ ಅದರಂತೆಯೇ ಕೈ ನಡುಗಿಸುವ ಬೇರೊಂದು ಸಾಮಾನ್ಯವಾದ ನಡುಕವುಂಟು. ಅದರಲ್ಲಿ ಅಲ್ಪವಿರಾಮ ಅಲ್ಪವಿರಾಮವಾಗಿಯೇ ಇರುತ್ತದೆ. ಅನೇಕ ವರ್ಷ ಬೇಡದ ಔಷಧಿಯನ್ನು ನುಂಗಬೇಕಾಗಿದ್ದವರನ್ನು ಈ ಒಂದು ವ್ಯತ್ಯಾಸ ಕಾಪಾಡಬಲ್ಲದು. 1990ರ ದಶಕದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಇದೇ ತೂಬುಗಳನ್ನು ಟೆಕ್ನೀಷಿಯಮ್-99ಎಂ ಎಂಬ, 6 ಗಂಟೆ ಅರ್ಧಾಯುವಿನ ಪರಮಾಣುವಿನಿಂದ ಗುರುತಿಸುವ 'ಟ್ರೊಡಾಟ್' ಎಂಬ ವಸ್ತು ಸಿದ್ಧವಾಯಿತು. ಟೆಕ್ನೀಷಿಯಮನ್ನು ಆಸ್ಪತ್ರೆಯಲ್ಲಿಯೇ ಒಂದು ಪುಟ್ಟ ಉಪಕರಣದಿಂದ ಹಸುವಿನ ಹಾಲು ಕರೆದಂತೆ ದಿನದಿನವೂ ಪಡೆಯಬಹುದು. ಭಾರತದ ಆಸ್ಪತ್ರೆಗಳಲ್ಲಿ ಇದು ಬಳಕೆಯಲ್ಲಿರುವುದಕ್ಕೆ ಈ ಸೌಲಭ್ಯವೂ ಒಂದು ಕಾರಣ.

ವಿಕಿರಣವೇ ಬೇಡದ ಇನ್ನೊಂದು ದಾರಿ ಕಾಂತಕ್ಷೇತ್ರದ್ದು. ಎಂ.ಆರ್.ಐ. ಯಂತ್ರದಲ್ಲಿ ದೇಹದ ಜಲಜನಕ ಬೀಜಗಳು, ಭೂಮಿಯ ಕಾಂತಕ್ಷೇತ್ರಕ್ಕಿಂತ 60,000 ಪಟ್ಟಿಗೂ ಹೆಚ್ಚು ಬಲವಾದ 3 ಟೆಸ್ಲಾ ಕ್ಷೇತ್ರದಲ್ಲಿ, ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ಬುಗುರಿಯಂತೆ ಓಲಾಡುತ್ತ, ರೇಡಿಯೊ ಅಲೆಗಳಿಗೆ ಓಗೊಡುತ್ತವೆ. ನ್ಯೂರೊಮೆಲನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರ ಸುತ್ತಲಿನ ಬೀಜಗಳು ಓಗೊಡುವ ರೀತಿ ಬೇರೆ. 2006ರಲ್ಲಿ ಜಪಾನಿನ ಸಸಾಕಿ ಮತ್ತು ಸಂಗಡಿಗರು ಇದನ್ನು ಬಳಸಿಕೊಂಡು, ಕಪ್ಪು ವಸ್ತುವನ್ನು ನೇರವಾಗಿ ಚಿತ್ರಿಸಿದರು. ಚಿತ್ರದಲ್ಲಿ ಅದು ಬಿಳಿಯಾಗಿ ಹೊಳೆಯುತ್ತದೆ. ರೋಗಿಗಳಲ್ಲಿ ಆ ಹೊಳಪು ಕುಂದಿರುತ್ತದೆ. ಕೆರೆಯನ್ನೇ ಕಾಣುವ ದಾರಿ ಹೀಗೆ ತೆರೆಯಿತು. ಬಳಿಕ, 2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಒಂದು ಅಧ್ಯಯನದಲ್ಲಿ, ಆರೋಗ್ಯವಂತರ ಕಪ್ಪು ವಸ್ತುವಿನ ಒಂದು ಭಾಗ ಹಕ್ಕಿಯ ಕವಲೊಡೆದ ಬಾಲದಂತೆ ಕಾಣುವುದೆಂದೂ, ರೋಗದಲ್ಲಿ ಆ ಕವಲು ಮಾಯವಾಗುವುದೆಂದೂ ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಎಂ.ಆರ್.ಐ. ವಿಧಾನಗಳಿಂದ ಈ ರೋಗದ ಅಧ್ಯಯನ ನಡೆದಿದೆ.

ಚಿತ್ರ ಒಂದು ಹೇಳಿತು, ರೋಗಿ ಒಂದು ಹೇಳಿದ

ಇಷ್ಟೆಲ್ಲ ಸಾಧನಗಳಿದ್ದ ಮೇಲೆ ಸಮಸ್ಯೆ ಬಗೆಹರಿಯಿತೆಂದು ತಿಳಿಯಬಾರದು. ಚಿತ್ರವನ್ನು ರೋಗದ ಅಳತೆಗೋಲಾಗಿ ಬಳಸಹೊರಟಾಗ ವಿಜ್ಞಾನಿಗಳಿಗೆ ಒಂದು ದೊಡ್ಡ ಪೆಟ್ಟು ಬಿತ್ತು.

ಡೋಪಾ ಔಷಧಿಯೇ ಕೋಶಗಳಿಗೆ ವಿಷವಾಗಬಹುದೆಂಬ ಶಂಕೆ ಬಹುಕಾಲ ಇತ್ತು. ಅದನ್ನು ಪರೀಕ್ಷಿಸಲು ಅಮೆರಿಕ ಮತ್ತು ಕೆನಡಾಗಳಲ್ಲಿ 361 ರೋಗಿಗಳನ್ನು ಆರಿಸಿ, ಕೆಲವರಿಗೆ ಬೇರೆಬೇರೆ ಪ್ರಮಾಣದಲ್ಲಿ ಡೋಪಾವನ್ನೂ, ಕೆಲವರಿಗೆ ಬರಿಯ ಹುಸಿಗುಳಿಗೆಯನ್ನೂ 40 ವಾರ ಕೊಟ್ಟರು. ಅನಂತರ ಎರಡು ವಾರ ಎಲ್ಲವನ್ನೂ ನಿಲ್ಲಿಸಿ ಪರೀಕ್ಷಿಸಿದರು. ಫಲಿತಾಂಶ 2004ರಲ್ಲಿ ಹೊರಬಂತು. ಡೋಪಾ ತೆಗೆದುಕೊಂಡವರು, ಔಷಧಿ ನಿಲ್ಲಿಸಿದ ಮೇಲೂ, ಹುಸಿಗುಳಿಗೆಯವರಿಗಿಂತ ಚೆನ್ನಾಗಿದ್ದರು. ಆದರೆ ಅವರಲ್ಲಿ ಒಂದು ಭಾಗದವರ ಮಿದುಳಿನ ಚಿತ್ರಗಳನ್ನು ನೋಡಿದರೆ, ತೂಬುಗಳ ಎಣಿಕೆ ಡೋಪಾ ತೆಗೆದುಕೊಂಡವರಲ್ಲಿಯೇ ಹೆಚ್ಚು ಇಳಿದಿತ್ತು. ರೋಗಿಯನ್ನು ನಂಬಿದರೆ ಔಷಧಿ ಒಳ್ಳೆಯದು. ಚಿತ್ರವನ್ನು ನಂಬಿದರೆ ಕೆಟ್ಟದು. ಯಾವುದನ್ನು ನಂಬಬೇಕು?

ಚಿತ್ರ ಎಣಿಸಿದ್ದುದೇನು ಎಂದು ನೆನೆದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ. ಅದು ಎಣಿಸಿದ್ದು ಬದುಕಿರುವ ಕೋಶಗಳನ್ನಲ್ಲ, ಗುರುತುದ್ರವ್ಯ ಅಂಟಿದ ತೂಬುಗಳನ್ನು. ಡೋಪಾ ಹೊರಗಿನಿಂದ ಬಂದುದರ ಪರಿಣಾಮವಾಗಿ, ಕೋಶ ಸಾಯದೆಯೇ ತನ್ನ ತೂಬುಗಳ ಸಂಖ್ಯೆಯನ್ನು ಬದಲಿಸಿಕೊಂಡಿರಬಹುದು. ಫ್ಲೂರೊಡೋಪಾದಲ್ಲಿಯೂ ಇಂತಹದೇ ತೊಡಕುಂಟು. ಉಳಿದ ಕೋಶಗಳು ಡೋಪಾವನ್ನು ಡೋಪಮೀನಾಗಿಸುವ ಕೆಲಸವನ್ನು ಚುರುಕುಗೊಳಿಸಿಕೊಳ್ಳುವುದರಿಂದ, ಚಿತ್ರ ನಷ್ಟವನ್ನು ಕಡಮೆಮಾಡಿ ತೋರಿಸಬಹುದು. ಒಂದು ಅಳತೆಗೋಲು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. 2019ರಲ್ಲಿ ನೆದರ್ಲೆಂಡ್ಸಿನಲ್ಲಿ 445 ರೋಗಿಗಳ ಮೇಲೆ 80 ವಾರ ನಡೆದ ಅಧ್ಯಯನದ ವರದಿ ಬಂತು. ಡೋಪಾವನ್ನು ಮೊದಲೇ ಆರಂಭಿಸಿದವರಿಗೂ 40 ವಾರ ತಡಮಾಡಿ ಆರಂಭಿಸಿದವರಿಗೂ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಎಂದರೆ ಡೋಪಾ ರೋಗದ ಗತಿಯನ್ನು ತಡೆಯಲೂ ಇಲ್ಲ, ತೀವ್ರಗೊಳಿಸಲೂ ಇಲ್ಲ. ಚಿತ್ರವನ್ನು ಮಾತ್ರ ನಂಬಿ ಔಷಧಿಯನ್ನು ಕೈಬಿಟ್ಟಿದ್ದರೆ, ಅಸಂಖ್ಯಾತ ರೋಗಿಗಳು ನಿಷ್ಕಾರಣವಾಗಿ ಮರಗಟ್ಟಿ ಕುಳಿತಿರಬೇಕಾಗುತ್ತಿತ್ತು.

ಇನ್ನೊಂದು ಪ್ರಯೋಗ ಇದಕ್ಕಿಂತಲೂ ಕೌತುಕದ್ದು. 2001ರಲ್ಲಿ ವ್ಯಾಂಕೂವರಿನ ವಿಜ್ಞಾನಿಗಳು ಪಾರ್ಕಿನ್ಸನ್ ರೋಗಿಗಳಿಗೆ ಔಷಧಿಯೆಂಬ ನಿರೀಕ್ಷೆ ಹುಟ್ಟಿಸಿ ಬರಿಯ ಉಪ್ಪುನೀರನ್ನು ಚುಚ್ಚಿ, ಪೆಟ್ ಚಿತ್ರ ತೆಗೆದರು. ಸ್ಟ್ರಯೇಟಮಿನಲ್ಲಿ ಡೋಪಮೀನ್ ನಿಜವಾಗಿಯೂ ಬಿಡುಗಡೆಯಾಗಿದ್ದುದು ಕಂಡುಬಂತು. ಹುಸಿ ಔಷಧಿಯಿಂದ ಸುಧಾರಿಸಿದ ರೋಗಿ ಸುಳ್ಳು ಹೇಳುತ್ತಿರಲಿಲ್ಲ. ಗುಣವಾಗುವೆನೆಂಬ ನಂಬಿಕೆಯೇ, ಕೊರತೆಯಿಂದ ಬಳಲುತ್ತಿದ್ದ ಗದ್ದೆಗೆ ಒಂದಿಷ್ಟು ನೀರು ಹರಿಸಿತ್ತು. ಮನಸ್ಸಿನ ಈ ಕೆಲಸವನ್ನು ಅಳೆದುಕೊಟ್ಟುದೂ ಪಾಸಿಟ್ರಾನೇ.

ಉಳಿದ ಪ್ರಶ್ನೆ

ಇನ್ನೂ ದೂರದ ಹಾದಿ ಇದೆ. ಪಾರ್ಕಿನ್ಸನ್ ರೋಗವನ್ನೇ ಹೋಲುವ, ಆದರೆ ಬೇರೆ ಗತಿಯ ಕೆಲವು ರೋಗಗಳಲ್ಲಿಯೂ ಸ್ಟ್ರಯೇಟಮ್ ಮಂಕಾಗುವುದರಿಂದ, ಡೋಪಮೀನಿನ ಚಿತ್ರವೊಂದೇ ಅವನ್ನು ಬೇರ್ಪಡಿಸಲಾರದು. ಸಾಯುತ್ತಿರುವ ಕೋಶಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಅದನ್ನು ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಸ್ಪಷ್ಟವಾಗಿ ಬೆಳಗಿಸುವ ಗುರುತುದ್ರವ್ಯಕ್ಕಾಗಿ ಅನೇಕ ಪ್ರಯೋಗಶಾಲೆಗಳು ಶ್ರಮಿಸುತ್ತಿವೆ.

ಇದರೊಡನೆ, ಯಂತ್ರ ಉತ್ತರಿಸಲಾರದ ಪ್ರಶ್ನೆಯೂ ಒಂದಿದೆ. ಆರೋಗ್ಯವಾಗಿ ಓಡಾಡುತ್ತಿರುವ ಒಬ್ಬನ ಚಿತ್ರದಲ್ಲಿ ಅಲ್ಪವಿರಾಮದ ಬಾಲ ಅಳಿಯತೊಡಗಿರುವುದು ಕಂಡರೆ, ಅದನ್ನು ಅವನಿಗೆ ಹೇಳಬೇಕೇ? ಕೋಶಗಳ ಸಾವನ್ನು ತಡೆಯುವುದೆಂದು ಸಿದ್ಧವಾಗಿರುವ ಔಷಧಿ ಇಂದು ಯಾವುದೂ ಇಲ್ಲ. ಹೇಳಿದರೆ ಅವನ ನೆಮ್ಮದಿ ಕೆಡುತ್ತದೆ. ಹೇಳದಿದ್ದರೆ, ಅಂತಹ ಔಷಧಿಯನ್ನು ಹುಡುಕುವ ಪ್ರಯೋಗಗಳಲ್ಲಿ ಸಕಾಲದಲ್ಲಿ ಪಾಲುಗೊಳ್ಳುವ ಅವಕಾಶ ಅವನಿಗೆ ತಪ್ಪುತ್ತದೆ. ಯಾರಿಗೆ, ಯಾವಾಗ, ಅವರ ಒಪ್ಪಿಗೆಯಿಂದ ಹೇಗೆ ಹೇಳಬೇಕೆಂಬುದನ್ನು ವೈದ್ಯರೂ ರೋಗಿಗಳೂ ಕೂಡಿಯೇ ನಿರ್ಣಯಿಸಬೇಕಾಗಿದೆ.

ಭೌತವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಮೊದಲು ಕಲಿಯುವ ಪಾಠ, ಯಾವ ಅಳತೆಗೂ ಮುನ್ನ ಅಳತೆಗೋಲನ್ನು ಪರೀಕ್ಷಿಸಬೇಕೆಂಬುದು. ಇಲ್ಲಿ ಗೋಲಿನ ಕೊನೆಯಲ್ಲಿ ನಿಂತಿರುವುದು ಒಬ್ಬ ಮನುಷ್ಯನ ಬಾಳು. ಪಾರ್ಕಿನ್ಸನ್ನರು ಬೀದಿಯಲ್ಲಿ ಹೋಗುವವರ ನಡಿಗೆಯನ್ನು ತಾಳ್ಮೆಯಿಂದ ನೋಡಿಯೇ ಈ ರೋಗವನ್ನು ಕಂಡುಕೊಂಡರು. ಪಾಸಿಟ್ರಾನಿನ ಕಣ್ಣು ದೊರೆತಿರುವ ಇಂದಿನ ವೈದ್ಯನಿಗೂ ಆ ತಾಳ್ಮೆಯ ಕಣ್ಣು ಅಷ್ಟೇ ಅವಶ್ಯಕ. ಎರಡೂ ಒಂದೇ ಮಾತನ್ನು ಹೇಳುವಂತೆ ಅಳತೆಗಳನ್ನು ತಿದ್ದುವ ಕೆಲಸ ಇನ್ನೂ ಮುಗಿದಿಲ್ಲ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಅದಕ್ಕೆ ಕೈಹಾಕುವರೆಂದು ನಾವು ಹಾರೈಸುತ್ತೇವೆ.